ಮೂರನೇ ಸುತ್ತಿಗೆ ಆರಿಹೋಗುವ ಕಂಪ್ಯೂಟರು

ಶಿವಾಜಿನಗರದಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ನಿಶ್ಶಬ್ದವಿರುತ್ತದೆ. ಬೆಳಗಿನ ಆಜಾನ್ ಮುಗಿದ ಮೇಲೆ, ರಸೆಲ್ ಮಾರ್ಕೆಟ್ಟಿಗೆ ಮೀನಿನ ಲಾರಿಗಳು ಬಂದು ಚಾಲಕರು ಒಬ್ಬರನ್ನೊಬ್ಬರು ಬೈಯತೊಡಗುವ ಮುಂಚೆ. ಈ ಇಪ್ಪತ್ತು ನಿಮಿಷ ಊರಿನಲ್ಲಿ ಬೇರೆ ಯಾರಿಗೂ ಬೇಕಿಲ್ಲವಾದ್ದರಿಂದ ಭೀಮಾಶಂಕರ ಅದನ್ನು ಪೂರ್ತಿ ಬಳಸಿಕೊಳ್ಳುತ್ತಾರೆ.

ಮಾರ್ಕೆಟ್ಟಿನ ಹಿಂದಿನ ಓಣಿ. ಹಳೆಯ ಕಾರುಗಳ ಕನ್ನಡಿ, ಬಾಗಿಲು, ಗೇರ್‌ಬಾಕ್ಸ್ ತೂಗುಹಾಕಿದ ಗುಜರಿ ಅಂಗಡಿಗಳ ನಡುವೆ, ಸೀರೆಗೆ ಫಾಲ್ ಹಚ್ಚಿ ಪೀಕೋ ಮಾಡಿಕೊಡುವ ಒಂದು ಪುಟ್ಟ ಅಂಗಡಿ. ಅದರ ಮೇಲೊಂದು ಅಟ್ಟ. ಹನ್ನೆರಡು ಮೆಟ್ಟಿಲಿನ ಕಬ್ಬಿಣದ ಏಣಿ ಹತ್ತಿದರೆ, ನೆಟ್ಟಗೆ ನಿಲ್ಲಲಾಗದ ಎತ್ತರದಲ್ಲಿ, ನಲವತ್ತೇಳು ವರ್ಷದ ಮನುಷ್ಯರೊಬ್ಬರು ಚಕ್ಕಂಬಕ್ಕಳ ಹಾಕಿ ಕೂತಿದ್ದಾರೆ. ಮುಂದೆ ಪಕ್ಕದ ತಗಡು ಬಿಚ್ಚಿದ ಕಂಪ್ಯೂಟರು. ಕೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರು. ಅದರ ತುದಿಯನ್ನು ತಿರುಗುವ ಫ್ಯಾನಿನ ಚೌಕಟ್ಟಿಗೆ ಮುಟ್ಟಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಾರೆ. ಡಾಕ್ಟರರ ಸ್ಟೆತಸ್ಕೋಪು ಇಲ್ಲದ ಕೊರತೆ ಎದ್ದು ಕಾಣುವುದಿಲ್ಲ.

“ಇನ್ನೂ ಒಂದು ವರ್ಷ ಓಡ್ತದ,” ಎನ್ನುತ್ತಾರೆ ಕಣ್ಣು ತೆರೆದು. “ಗೊರಕಿ ಹೊಡೀಲಿಕತ್ತದ. ಆದ್ರ ಉಸಿರದ.”

ಭೀಮಾಶಂಕರ ಗೇಮಿಂಗ್ ಕಂಪ್ಯೂಟರುಗಳನ್ನು ರಿಪೇರಿ ಮಾಡುತ್ತಾರೆ. ಆಟ ಆಡುವುದಕ್ಕೆಂದೇ ಜನ ಆಸೆಪಟ್ಟು ಕಟ್ಟಿಸಿಕೊಂಡ, ಮಾಮೂಲಿ ಕಂಪ್ಯೂಟರಿಗಿಂತ ಹೆಚ್ಚು ಕರೆಂಟು ಕುಡಿದು ಹೆಚ್ಚು ಬಿಸಿಯಾಗುವ ಪೆಟ್ಟಿಗೆಗಳು. ಆರೇಳು ವರ್ಷ ಕಳೆದ ಮೇಲೆ ಅವಕ್ಕೆ ಉಬ್ಬಸ ಶುರುವಾಗುತ್ತದೆ. ಆಗ ಒಡೆಯರು ಅದನ್ನು ಎತ್ತಿಕೊಂಡು ಏಣಿ ಹತ್ತಿ ಬರುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: ಇದನ್ನೇ ಅಪ್‌ಗ್ರೇಡ್ ಮಾಡಿಸುವುದೋ, ಹೊಸದೇ ಕಟ್ಟಿಸುವುದೋ? ಭೀಮಾಶಂಕರ ಹತ್ತು ನಿಮಿಷದಲ್ಲಿ ಉತ್ತರ ಹೇಳುತ್ತಾರೆ. ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾರೆ. ಅವರ ಸ್ವಂತ ಕಂಪ್ಯೂಟರು ಕೆಟ್ಟು ಎರಡು ತಿಂಗಳಾಯಿತು. ಅದಕ್ಕೆ ಮಾತ್ರ ಉತ್ತರ ಸಿಕ್ಕಿಲ್ಲ.

ಊರು ಜೇವರ್ಗಿ ಕಡೆಯದು. ಹತ್ತೊಂಬತ್ತನೇ ವಯಸ್ಸಿಗೆ ಬೆಂಗಳೂರಿಗೆ ಬಂದವರು. ಇಪ್ಪತ್ತೆಂಟು ವರ್ಷದ ಬೆಂಗಳೂರು ಅವರ ತಲೆಗೂದಲಿನ ಅರ್ಧ ತೆಗೆದುಕೊಂಡಿದೆ, ಮಾತಿನ ಬಾಲವನ್ನು ಮುಟ್ಟಿಲ್ಲ. ಮೊದಲ ಕೆಲಸ ಹಮಾಲಿ. ಆಗ ಕಚೇರಿಗಳಿಗೆ ಕಂಪ್ಯೂಟರುಗಳು ಲೋಡುಗಟ್ಟಲೆ ಬರುತ್ತಿದ್ದ ಕಾಲ. ಒಂದೊಂದು ಮಾನಿಟರೂ ಒಂದೊಂದು ಅಕ್ಕಿಮೂಟೆ.

“ನಾಲ್ಕು ಅಂತಸ್ತು ಹೊತ್ತು ಮ್ಯಾಲ ಒಯ್ದಿಡ್ತಿದ್ದೆ. ಎರಡು ವರ್ಷ ಆದ ಮ್ಯಾಲ ಅದೇ ಮಾನಿಟರ್ ಕೆಟ್ಟದ ಅಂತ ನಾನೇ ಹೊತ್ತು ಕೆಳಗ ತರ್ತಿದ್ದೆ. ಹೊರೋದು ಎರಡೂ ಸಲ ನಾನೇ ಅಂದ ಮ್ಯಾಲ, ಒಳಗ ಏನದ ನೋಡೂಣು ಅನ್ನಿಸ್ತು,” ಎನ್ನುತ್ತಾರೆ. ಕಲಿತದ್ದೆಲ್ಲ ಹಾಗೆ, ಕೆಳಗೆ ತಂದವುಗಳಿಂದ.

ಮನೆ ಎಂದರೆ ಕಗ್ಗದಾಸಪುರದಲ್ಲಿ ಬಾಡಿಗೆಯ ಒಂದು ಕೋಣೆ. ಬೆಳಿಗ್ಗೆ ಮೊದಲ ಬಸ್ಸು ಹಿಡಿದು, ಇಂದಿರಾನಗರ, ಹಲಸೂರು ಕೆರೆ ದಾಟಿ ಬರುತ್ತಾರೆ. ಮದುವೆಯಾಗಿಲ್ಲ. “ಎರಡು ಸಲ ಹೆಣ್ಣು ನೋಡಾಕ ಹೋಗಿದ್ವಿ. ಏನ್ ಕೆಲಸ ಅಂತ ಕೇಳಿದ್ರು. ಹಳೇ ಕಂಪ್ಯೂಟರ್ ರಿಪೇರಿ ಮಾಡ್ತೀನಿ ಅಂದೆ. ಹೊಸಾದು ಯಾಕ ಮಾರೂದಿಲ್ಲ ಅಂದ್ರು. ಅದಕ್ಕ ಉತ್ತರ ಯೋಚನೆ ಮಾಡೂತನಕ ಹುಡುಗಿಗೆ ಬ್ಯಾರೆ ಕಡಿ ಗಟ್ಟಿ ಆತು.”

ದಿನಕ್ಕೆ ಐದಾರು ಕಂಪ್ಯೂಟರು ಬಿಚ್ಚುತ್ತಾರೆ. ಒಂದೊಂದರಿಂದ ಒಂದು ಹಿಡಿ ಧೂಳು ಬರುತ್ತದೆ. ಗೋಡೆಗೆ ಬಣ್ಣ ಬಳಿಯುವ ಒಂದಿಂಚಿನ ಬ್ರಷ್ಷಿನಿಂದ ಅದನ್ನು ಕಾಗದದ ಮೇಲೆ ಉದುರಿಸಿ, ಯಾವ ಬಡಾವಣೆಯದೆಂದು ಹೇಳಬಲ್ಲರು. ಬೆನ್ಸನ್ ಟೌನಿನ ಧೂಳಿನಲ್ಲಿ ನಾಯಿಕೂದಲು ಜಾಸ್ತಿ. ಹಲಸೂರಿನದರಲ್ಲಿ ಊದುಬತ್ತಿಯ ಬೂದಿ. ಕೆ.ಆರ್. ಪುರದ್ದು ಸಿಮೆಂಟಿನ ಹಾಗೆ ಹೆಪ್ಪುಗಟ್ಟಿರುತ್ತದೆ. ಕಗ್ಗದಾಸಪುರದ್ದು? “ನಮ್ಮ ಕಡೀಂದ ಯಾರೂ ತರೂದಿಲ್ರಿ. ಅಲ್ಲಿ ಆಟ ಆಡಾಕ ಯಾರಿಗೂ ಪುರಸೊತ್ತಿಲ್ಲ.”

ಅವರ ಕೆಲಸದಲ್ಲಿ ಎರಡು ಕಟ್ಟುಪಾಡುಗಳಿವೆ. ಒಂದು ಸ್ಕ್ರೂಗಳದ್ದು. ಎಷ್ಟು ಸ್ಕ್ರೂ ಬಿಚ್ಚಿದರೋ ಅಷ್ಟನ್ನೂ ಹಾಕದೆ ಯಾವ ಕಂಪ್ಯೂಟರೂ ಏಣಿ ಇಳಿಯುವುದಿಲ್ಲ. ಪಕ್ಕದ ತಗಡಿಗೆ ಹಿಂಬದಿಯಲ್ಲಿ ಎರಡು ಸ್ಕ್ರೂ ಇರುತ್ತವೆ. ಬಹಳಷ್ಟು ಮೆಕ್ಯಾನಿಕ್ಕುಗಳು ಒಂದನ್ನು ಹಾಕಿ ಕೈತೊಳೆದುಕೊಳ್ಳುತ್ತಾರೆ. ಒಂದೇ ಸ್ಕ್ರೂ ಇರುವ ಕಂಪ್ಯೂಟರು ಬಂದರೆ ಭೀಮಾಶಂಕರ ಅದರ ಹಿಂದಿನ ಮೆಕ್ಯಾನಿಕ್ಕಿನ ಬಗ್ಗೆ ಆಡುವ ಮಾತು ಅಚ್ಚಿಗೆ ಯೋಗ್ಯವಲ್ಲ.

ಇನ್ನೊಂದು ಬರೆಯುವುದು. ತಗಡಿನ ಒಳಮೈ ಮೇಲೆ ಕಪ್ಪು ಮಾರ್ಕರಿನಿಂದ ತಾರೀಖು, ಬದಲಿಸಿದ ಭಾಗ, ತಂದವರ ಹೆಸರು, ಫೋನ್ ನಂಬರು, ಕೊನೆಗೆ ಕೈಯಿಟ್ಟವನ ಗುರುತು. ಭೀಮಾಶಂಕರರ ಗುರುತು ‘ಭೀ’ ಎಂಬ ಒಂದೇ ಅಕ್ಷರ. ತಗಡು ಮುಚ್ಚಿದರೆ ಅದು ಯಾರಿಗೂ ಕಾಣುವುದಿಲ್ಲ. ಮುಂದೆಂದೋ ಅದನ್ನು ಬಿಚ್ಚುವ ಮೆಕ್ಯಾನಿಕ್ಕಿಗೆ ಮಾತ್ರ. ಹದಿನಾಲ್ಕು ವರ್ಷ ಈ ತಗಡುಗಳ ಮೇಲೆ ಇನ್ನೊಂದು ಗುರುತೂ ಬೀಳುತ್ತಿತ್ತು. ಉರ್ದುವಿನ ನೂನ್: ಒಂದು ಬಟ್ಟಲು, ಅದರೊಳಗೆ ಒಂದು ಚುಕ್ಕಿ. ಅದು ನಜೀರ್ ಅವರದು. ಕೆಳಗಿನ ಪೀಕೋ ಅಂಗಡಿಯ ಜಹನಾರಾ ಅವರ ತಮ್ಮ. ಈ ಅಟ್ಟದಲ್ಲಿ ಭೀಮಾಶಂಕರರ ಬಲಗಡೆ ಕೂತು ಕೆಲಸ ಮಾಡುತ್ತಿದ್ದವರು. ಏಳು ವರ್ಷದ ಹಿಂದೆ ಶಾರ್ಜಾಕ್ಕೆ ಹೋದರು. ಅವರು ಕೂರುತ್ತಿದ್ದ ಜಾಗದಲ್ಲಿ ಈಗಲೂ ಒಂದು ಮಡಿಸಿದ ಗೋಣಿಚೀಲವಿದೆ. ಸಾಮಾನು ಇಡಲು ಒಂದು ಗೇಣು ಜಾಗ ಸಿಗದ ಅಟ್ಟದಲ್ಲಿ ಆ ಗೋಣಿಚೀಲದ ಮೇಲೆ ಏನೂ ಇಲ್ಲ. ಮೂಲೆಯಲ್ಲಿ ಸಿಮೆಂಟಿನ ಖಾಲಿ ಚೀಲ ಹೊದ್ದು ಕೂತ ಒಂದು ಕಪ್ಪು ಕಂಪ್ಯೂಟರ್ ಕ್ಯಾಬಿನೆಟ್ಟಿನ ಮೇಲೂ ಏನೂ ಇಲ್ಲ. ಉಳಿದೆಲ್ಲದರ ಮೇಲೂ ಎಲ್ಲವೂ ಇದೆ.

ಎಂಟೂವರೆಗೆ ಯಮುನಾ ಎಂಬ ಗ್ರಾಹಕಿ ಬರುತ್ತಾರೆ. ದೊಮ್ಮಲೂರಿನ ಕಚೇರಿಯೊಂದರಲ್ಲಿ ನೌಕರಿ. ಕಂಪ್ಯೂಟರನ್ನು ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು, ಸೀಟ್ ಬೆಲ್ಟಿನ ಬದಲು ದುಪಟ್ಟಾ ಸುತ್ತಿ ತಂದಿದ್ದಾರೆ.

“ಅಣ್ಣ, ಅಪ್‌ಗ್ರೇಡಾ, ಹೊಸದಾ? ಬೇಗ ಹೇಳ್ಬಿಡಿ, ಹತ್ತಕ್ಕೆ ಮೀಟಿಂಗ್ ಇದೆ.”

“ಏನ್ ಆಡ್ತೀರಿ ಮೇಡಂ?”

“ಶೂಟಿಂಗ್ ಆಟ. ಹೊಸದಾಗಿ ಬಂದಿರೋದು ಒಂದೂ ಓಡ್ತಿಲ್ಲ.”

“ಮೊದಲು ಮಾಡ್ತಿದ್ದದ್ದು ಈಗ ಏನ್ ಮಾಡವಲ್ದು?”

“ಎಲ್ಲಾ ಮಾಡುತ್ತೆ. ನಿಧಾನಕ್ಕೆ ಮಾಡುತ್ತೆ, ನಮ್ ಮ್ಯಾನೇಜರ್ ಥರ.”

“ಯಾರ ಜೊತಿ ಆಡ್ತೀರಿ?”

“ಮುಂಚೆ ನಾಲ್ಕು ಜನ ಇದ್ವಿ. ಒಬ್ಳಿಗೆ ಮಗು ಆಯ್ತು. ಒಬ್ಬ ಪುಣೆಗೆ ಹೋದ. ಇನ್ನೊಬ್ಬನ್ನ ನಾವೇ ತೆಗೆದ್ಬಿಟ್ವಿ, ಸೋತಾಗೆಲ್ಲ ಸಿಕ್ಕಾಪಟ್ಟೆ ಬೈತಿದ್ದ. ಈಗ ಒಬ್ಳೇ.”

“ಹಂಗಾದ್ರ ಅವಸರ ಇಲ್ಲ. ಜೊತಿಯವರು ಹೊಸಾ ಆಟಕ್ಕ ಹೋಗ್ಯಾರ, ನೀವು ಹಿಂದ ಉಳದೀರಿ ಅಂದ್ರ ಹೊಸಾದು ಬೇಕು. ಒಬ್ರೇ ಇದ್ದೀರಿ ಅಂದ್ರ ಹಳೇದು ಸಾಕು.”

“ಇದೇನ್ ಅಣ್ಣ, ರಿಪೇರಿಗೆ ಬಂದ್ರೆ ಜಾತಕ ಹೇಳ್ತಿದೀರಲ್ಲ!”

ಈ ಮೂರನೇ ಪ್ರಶ್ನೆಯೇ ಭೀಮಾಶಂಕರರ ಇಡೀ ಶಾಸ್ತ್ರ. ಪೆಟ್ಟಿಗೆಯ ವಯಸ್ಸು, ವೇಗ, ಶಾಖ ಎಲ್ಲ ಆಮೇಲಿನ ಮಾತು. ಜೊತೆಗಾರರು ಯಾವ ಆಟದಲ್ಲಿದ್ದಾರೋ ಆ ಆಟ ಓಡಬೇಕು, ಅಷ್ಟೆ. ಯಮುನಾ ಅವರ ಕಂಪ್ಯೂಟರಿಗೆ ತೀರ್ಪು ಸಿಗುತ್ತದೆ. ಮೆಮೊರಿ ಮುಟ್ಟುವುದು ಬೇಡ, ಈ ವರ್ಷ ಅದರ ಬೆಲೆ ಬಂಗಾರವಾಗಿ ಕೂತಿದೆ. ಡಿಸ್ಕ್ ಬದಲಿಸಿದರೆ ಚುರುಕಾಗುತ್ತದೆ. ಎಲ್ಲಕ್ಕಿಂತ ಮೊದಲು ಎಸ್‌ಎಂಪಿಎಸ್, ಅಂದರೆ ಗೋಡೆಯಿಂದ ಬಂದ ಕರೆಂಟನ್ನು ಒಳಗಿನ ಭಾಗಗಳಿಗೆಲ್ಲ ಹಂಚುವ ಪೆಟ್ಟಿಗೆ, ಅದನ್ನು ಬದಲಿಸಬೇಕು.

“ಅದು ಸರಿಯಾಗೇ ಇದೆಯಲ್ಲ?”

“ಸರಿ ಇದ್ದಾಗಲೇ ಬದಲಿಸಬೇಕ್ರಿ ಅದನ್ನ.” ದನಿ ಇದ್ದಕ್ಕಿದ್ದಂತೆ ಗಟ್ಟಿಯಾಗುತ್ತದೆ. ಯಮುನಾ ಒಪ್ಪುತ್ತಾರೆ. ಏಣಿಯ ಕಡೆ ತಿರುಗಿದವರ ಕಣ್ಣು ಗೋಡೆ ಪಕ್ಕ ತಗಡಿಲ್ಲದೆ ಬೆತ್ತಲೆ ಕೂತ ಇನ್ನೊಂದು ಕಂಪ್ಯೂಟರಿನ ಮೇಲೆ ಬೀಳುತ್ತದೆ.

“ಅದು ಯಾರ್ದು?”

“ನಂದು.”

“ನೀವು ಯಾರ ಜೊತೆ ಆಡ್ತೀರಿ ಅಣ್ಣ?”

ಭೀಮಾಶಂಕರ ಬೀಳದೇ ಇದ್ದ ಸ್ಕ್ರೂ ಒಂದನ್ನು ಹುಡುಕಲು ನೆಲಕ್ಕೆ ಬಗ್ಗುತ್ತಾರೆ.

ಉತ್ತರ ತಿಳಿಯಬೇಕಾದರೆ ಬೆಳಗಿನ ಆರೂಕಾಲಿಗೆ ಅಟ್ಟದಲ್ಲಿರಬೇಕು. ಕಿವಿಯ ಕೆಲಸ ಮುಗಿಸಿ ಭೀಮಾಶಂಕರ ಆ ಕಂಪ್ಯೂಟರನ್ನು ಹಚ್ಚುತ್ತಾರೆ. ಹದಿಮೂರು ವರ್ಷದ ಹಿಂದೆ ಅವರೂ ನಜೀರೂ ಸೇರಿ, ಆ ಕಾಲಕ್ಕೆ ಸಿಕ್ಕ ಒಳ್ಳೆಯ ಭಾಗಗಳನ್ನೆಲ್ಲ ಕೂಡಿಸಿ ತಮಗೆಂದೇ ಕಟ್ಟಿಕೊಂಡದ್ದು. ಅದರಲ್ಲೊಂದು ಕಾರ್ ರೇಸು. ಪರದೆ ಮೇಲೊಂದು ಕೆಳಗೊಂದು ಹೀಗೆ ಎರಡು ಭಾಗವಾಗುತ್ತದೆ. ಮೇಲಿನದು ಒಬ್ಬನ ಕಾರು, ಕೆಳಗಿನದು ಇನ್ನೊಬ್ಬನದು. ಇಬ್ಬರಿಗೂ ಸೇರಿ ಒಂದೇ ಕೀಬೋರ್ಡು: ಎಡಗಡೆಯ ನಾಲ್ಕು ಕೀ ಒಬ್ಬನಿಗೆ, ಬಲಗಡೆಯ ನಾಲ್ಕು ಬಾಣಗಳು ಇನ್ನೊಬ್ಬನಿಗೆ. ಅಂದಿನಿಂದ ನಜೀರ್ ಹೋಗುವ ತನಕ ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಮೊಣಕೈಗೆ ಮೊಣಕೈ ತಾಗಿಸಿ ಐದು ಸುತ್ತಿನ ಒಂದು ರೇಸು. ಕೀಬೋರ್ಡಿನ ಎರಡು ತುದಿ ಸವೆದು ಬಿಳಿಯಾಗಿದೆ. ನಡುವೆ ಹೊಸದರ ಹಾಗಿದೆ.

ಈಗ ಎಡಗೈ ಭೀಮಾಶಂಕರರ ಕಾರು ಓಡಿಸುತ್ತದೆ. ಬಲಗೈ ನಜೀರ್ ಅವರದನ್ನು ಓಡಿಸುತ್ತದೆ.

ನೋಡಲು ಇದು ಸ್ವಲ್ಪ ತಮಾಷೆಯಾಗಿಯೇ ಇದೆ. ಕಣ್ಣು ಮೇಲಕ್ಕೂ ಕೆಳಕ್ಕೂ ಓಡುತ್ತದೆ, ತಲೆ ಓತಿಕ್ಯಾತದ ಹಾಗೆ ಆಡುತ್ತದೆ, ತಿರುವಿನಲ್ಲಿ ಒಂದು ಕಾರು ಖಂಡಿತ ಬೇಲಿಗೆ ನುಗ್ಗುತ್ತದೆ. ಬಹುಮಟ್ಟಿಗೆ ಮೇಲಿನದು.

“ನಜೀರನೇ ಗೆಲ್ತಾನ್ರಿ ಯಾವಾಗಲೂ.”

ಬಲಗೈ ಚುರುಕಲ್ಲವೇ, ಅದಕ್ಕಿರಬೇಕು ಎಂದರೆ ಒಪ್ಪುವುದಿಲ್ಲ. “ಬಲಗೈ ಅಲ್ಲ. ಅವನ ಆಟ ನನಗ ಗೊತ್ತದ. ತಿರುವಿನಾಗ ಬ್ರೇಕ್ ಹಿಡಿಯಾಂಗಿಲ್ಲ ಅವ. ನಾ ಹಿಡೀತೀನಿ.”

ಮೂರನೇ ಸುತ್ತಿನಲ್ಲಿ, ಎರಡೂ ಕಾರು ಒಂದೇ ನೇರದಲ್ಲಿದ್ದಾಗ, ಪರದೆ ಕಪ್ಪಾಗುತ್ತದೆ. ಫ್ಯಾನು ನಿಧಾನಕ್ಕೆ ನಿಲ್ಲುತ್ತದೆ. ಕೆಳಗಿನಿಂದ ಜಹನಾರಾ ಅವರ ದನಿ. ಅಟ್ಟದ ಹಲಗೆಯಲ್ಲಿ ಕಾರಿನ ಸದ್ದೂ ಕೇಳುತ್ತದೆ, ಅದು ನಿಂತದ್ದೂ ಕೇಳುತ್ತದೆ.

“ಕ್ಯಾ ರೇ ಭೀಮು, ಯಾರು ಗೆದ್ರು?”

“ಯಾರೂ ಇಲ್ಲ ಆಪಾ.”

ಎರಡು ತಿಂಗಳಿಂದ ಯಾರೂ ಗೆದ್ದಿಲ್ಲ.

ರೋಗ ಭೀಮಾಶಂಕರರಿಗೆ ಗೊತ್ತಿದೆ. ಒಳಗಿನ ದೊಡ್ಡ ಬೋರ್ಡಿನ ಮೇಲೆ ಕರೆಂಟನ್ನು ಹದವಾಗಿ ಹಿಡಿದಿಡುವ ಕೆಪಾಸಿಟರುಗಳು ಉಬ್ಬಿವೆ. ಒಮ್ಮೆ ಬದಲಿಸಿ ಆಗಿದೆ, ಬೇರೆಯವು ಉಬ್ಬಿದವು. ಬೋರ್ಡು ಬದಲಿಸಿದರೆ ಪ್ರೊಸೆಸರು ಬದಲಿಸಬೇಕು, ಅದನ್ನು ಬದಲಿಸಿದರೆ ಮೆಮೊರಿ ಬದಲಿಸಬೇಕು. ವಿಂಡೋಸಿನ ಹೊಸ ಆವೃತ್ತಿಯಂತೂ ಈ ಪೆಟ್ಟಿಗೆಯನ್ನು ಬಾಗಿಲಲ್ಲೇ ತಡೆಯುತ್ತದೆ. ಮೂರು ಭಾಗಕ್ಕೆ ಕೈ ಹಾಕುವ ಹಾಗಾದರೆ ಹೊಸದೇ ಕಟ್ಟಿಸಿ ಎಂದು ಬಂದವರಿಗೆಲ್ಲ ಹೇಳುವುದು ಅವರೇ. ಹಾಗಾದರೆ ಏನು ಅಡ್ಡಿ?

ಮೊದಮೊದಲು ಕೀಬೋರ್ಡಿನ ನೆವ ಹೇಳುತ್ತಿದ್ದರು. ಅದು ದುಂಡು ಪಿನ್ನಿನ ಹಳೆಯ ಕೀಬೋರ್ಡು. ಹೊಸ ಬೋರ್ಡುಗಳಲ್ಲಿ ಆ ದುಂಡು ತೂತು ಇರುವುದು ಕಡಿಮೆ. ಹೊಸ ಅಗ್ಗದ ಕೀಬೋರ್ಡು ಹಾಕಿದರೆ ಇನ್ನೊಂದು ಫಜೀತಿ. “ಇಬ್ರೂ ಒಮ್ಮೆಗೇ ಒತ್ತಿದ್ರ ಒಬ್ಬನದು ತಗೊಳ್ಳೂದೇ ಇಲ್ಲ. ಒಬ್ಬಂಟಿ ಮನಷ್ಯಾಗ ಅಂತ ಮಾಡಿದ್ದದು.” ಇದು ನಿಜ. ಆದರೆ ಎಂಟು ಹತ್ತು ಕೀ ಒಟ್ಟಿಗೆ ಒತ್ತಿದರೂ ತಗೊಳ್ಳುವ ಒಳ್ಳೆಯ ಕೀಬೋರ್ಡುಗಳು ಬೇಕಾದಷ್ಟಿವೆ. ಹೋದ ತಿಂಗಳು ತಾನೇ ಒಬ್ಬರಿಗೆ ಅದನ್ನು ಕೊಡಿಸಿದವರು ಭೀಮಾಶಂಕರರೇ.

ಅಡ್ಡಿ ಏನೆಂದು ಕೊನೆಗೆ ಹೊರಗೆಳೆದವರು ಜಹನಾರಾ. ಒಂದು ಬೆಳಿಗ್ಗೆ ಚಹಾದ ಲೋಟ ಹಿಡಿದು ಅರ್ಧ ಏಣಿ ಹತ್ತಿ, ತಲೆ ಮಾತ್ರ ಅಟ್ಟದಲ್ಲಿಟ್ಟು ನಿಂತರು. ಮಂಡಿನೋವಿನಿಂದಾಗಿ ಅವರು ಅಟ್ಟದ ಜೊತೆ ವ್ಯವಹರಿಸುವುದು ಹೀಗೆಯೇ.

“ಸುನ್, ನಜೀರ್ ಬರ್ತಾ ಇದಾನೆ. ಹನ್ನೊಂದು ದಿನ ಐತೆ.”

“ಹೌದಾ ಆಪಾ.”

“ಈ ಸಲ ಊರಲ್ಲಿ ಯಾರು ಸಾಯ್ತಾರೆ ನಿಂದು?”

ಭೀಮಾಶಂಕರ ಚಹಾದ ಲೋಟಕ್ಕೆ ಕೈ ಚಾಚಿದರು.

“ಹೋದ ಸಲ ಅವನು ಬಂದಾಗ ಸೋದರಮಾವ ಹೋದ್ರು ಅಂತ ಊರಿಗೆ ಓಡಿದೆ. ಅದರ ಹಿಂದಿನ ಸಲಾನೂ ಸೋದರಮಾವಾನೇ ಸತ್ತಿದ್ದ. ಎಷ್ಟು ಸಲ ಸಾಯಿಸ್ತೀಯೋ ಪಾಪ ಆ ಮುದುಕನ್ನ? ಬಂದೋನು ಎರಡು ಸಲಾನೂ ಮೇಲೆ ಹತ್ತಿ, ಆ ಗೋಣಿ ಮೇಲೆ ಕೂತು, ಇಳಿದು ಹೋದ. ಏನೂ ಕೇಳಲಿಲ್ಲ. ನೋಡೋಕಾಗಲ್ಲ ನನಗೆ. ಅಬ್ ನಕ್ಕೋ, ಇನ್ನು ಬೇಡ, ಆಯ್ತಾ?”

ಅಷ್ಟು ಹೇಳಿ ತಲೆ ಇಳಿಯಿತು. ಚಹಾದ ಲೋಟ ಅಟ್ಟದಲ್ಲೇ ಉಳಿಯಿತು.

ಆ ಚಹಾ ಆರಿದ ಮೇಲೆ ಭೀಮಾಶಂಕರ ಏಳು ವರ್ಷದ ಹಿಂದಿನದನ್ನು ಹೇಳುತ್ತಾರೆ. ಅಪ್‌ಗ್ರೇಡೋ ಹೊಸದೋ ಎಂಬುದರಲ್ಲಿ ಅವರಿಬ್ಬರದು ಬೇರೆ ಬೇರೆ ಪಂಥ. ನಜೀರ್ ಹೊಸದರ ಕಡೆ: ಕಾಲ ಮುಗಿದ ಭಾಗವನ್ನು ಕಿತ್ತು ಒಗೆ ಎನ್ನುವವರು. ಭೀಮಾಶಂಕರ ಹಳೆಯದರ ಕಡೆ: ಓಡುವ ಭಾಗವನ್ನು ಯಾಕೆ ಒಗೆಯಬೇಕು? ಇದೇ ಜಗಳ ಹದಿನಾಲ್ಕು ವರ್ಷ, ಅಟ್ಟದ ಮನರಂಜನೆಯಾಗಿ ನಡೆಯಿತು. ಇಬ್ಬರಲ್ಲಿ ಯಾರನ್ನು ಕೇಳಬೇಕೆಂದು ಗ್ರಾಹಕರು ತಮ್ಮ ಇಷ್ಟದ ಉತ್ತರ ನೋಡಿಕೊಂಡು ಆರಿಸುತ್ತಿದ್ದರು.

ಕೆ.ಆರ್. ಪುರದ ಜಗದೀಶ್ ಎಂಬ ವಿದ್ಯಾರ್ಥಿ ಭೀಮಾಶಂಕರರನ್ನು ಆರಿಸಿದರು. ಅನಿಮೇಷನ್ ಓದುತ್ತಿದ್ದರು, ಆಟವೂ ಅದೇ ಕಂಪ್ಯೂಟರಿನಲ್ಲಿ, ಕೊನೆಯ ವರ್ಷದ ಪ್ರಾಜೆಕ್ಟೂ ಅದರಲ್ಲೇ. ಚಿತ್ರಗಳನ್ನು ಓಡಿಸುವ ಗ್ರಾಫಿಕ್ಸ್ ಕಾರ್ಡು ಹೊಸದು, ದೊಡ್ಡದು ಬೇಕಿತ್ತು. ದೊಡ್ಡ ಕಾರ್ಡಿಗೆ ಹೆಚ್ಚು ಕರೆಂಟು ಬೇಕು. ಎಸ್‌ಎಂಪಿಎಸ್ ಹಳೆಯದು, ಸಣ್ಣದು.

“ಅದನ್ನ ತೆಗಿ ಭೀಮು ಅಂದ ನಜೀರ್. ಎರಡು ಸಲ ಅಂದ. ನಾ ಕಿವಿ ಇಟ್ಟು ಕೇಳಿದೆ, ಸದ್ದು ಚಲೋ ಇತ್ತು. ತಡೀತದ ಬಿಡು ಅಂದೆ. ಹೊಸಾ ಕಾರ್ಡ್ ಹಾಕಿ, ಎರಡು ಸ್ಕ್ರೂ ಹಾಕಿ, ತಗಡಿನ ಮ್ಯಾಲ ಬರದೆ. ‘ಭೀ’ ಅಂತ ಹಾಕಿದೆ.”

ಹತ್ತೊಂಬತ್ತು ದಿನ ತಡೆಯಿತು. ಇಪ್ಪತ್ತನೆಯ ದಿನ ಸುಟ್ಟಿತು. ಹೋಗುವಾಗ ಬೋರ್ಡು, ಕಾರ್ಡು, ಡಿಸ್ಕು ಮೂರನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಡಿಸ್ಕಿನಲ್ಲಿ ಪ್ರಾಜೆಕ್ಟ್ ಇತ್ತು. ಜಗದೀಶ್ ಕರಕಲು ವಾಸನೆಯ ಪೆಟ್ಟಿಗೆ ತಂದಾಗ ಭೀಮಾಶಂಕರ ಸಾಮಾನು ತರಲು ಎಸ್.ಪಿ. ರೋಡಿಗೆ ಹೋಗಿದ್ದರು. ಅಟ್ಟದಲ್ಲಿ ನಜೀರ್ ಒಬ್ಬರೇ. ಹಾಕಿದ್ದು ಯಾರು ಎಂದು ಜಗದೀಶ್ ಕೂಗಿದರು. ನಾನೇ ಎಂದರು ನಜೀರ್. ಓಣಿಯ ಗುಜರಿಯವರೆಲ್ಲ ಅಂಗಡಿ ಬಿಟ್ಟು ಏಣಿಯ ಕೆಳಗೆ ನಿಂತು ಕೇಳಿದರು. ಮುಕ್ಕಾಲು ಗಂಟೆ ಬೈಗುಳ. ಪೆಟ್ಟಿಗೆಯನ್ನು ಅಲ್ಲೇ ಒಗೆದು ಜಗದೀಶ್ ಇಳಿದು ಹೋದರು. ಅವರದು ಒಂದು ವರ್ಷ ಹಾಳಾಯಿತು.

ಭೀಮಾಶಂಕರ ಸಂಜೆ ಬಂದರು. ಓಣಿಯವರು ಕಥೆ ಹೇಳಿದರು. ನಜೀರ್ ಏನೂ ಹೇಳಲಿಲ್ಲ. ಭೀಮಾಶಂಕರ ಸುಟ್ಟ ಕಂಪ್ಯೂಟರಿನ ತಗಡು ಬಿಚ್ಚಿ ನೋಡಿದರು. ತಾರೀಖು ಇತ್ತು, ಭಾಗದ ಹೆಸರು ಇತ್ತು, ಜಗದೀಶರ ನಂಬರಿತ್ತು. ‘ಭೀ’ ಇದ್ದ ಕಡೆ ಬಟ್ಟೆಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದ ಮಸುಕು. ಏಣಿಯ ಮೆಟ್ಟಿಲು ಸದ್ದಾದ ಮೇಲೆ ಜಗದೀಶರ ತಲೆ ಕಾಣುವಷ್ಟರಲ್ಲಿ ಒರೆಸಲು ಆಗುವುದಿಲ್ಲ. ಅವರು ಹೊತ್ತುಕೊಂಡು ಬರುತ್ತಿರುವುದನ್ನು ನಜೀರ್ ಕಿಟಕಿಯಿಂದ ನೋಡಿ, ಕೆಳಗಿಳಿದು ಹೋಗಿ ಪೆಟ್ಟಿಗೆ ಇಸಿದುಕೊಂಡು, ಮೇಲೆ ಬಂದು, ಜಗದೀಶ್ ಉಸಿರು ತೆಗೆದುಕೊಳ್ಳುವುದರೊಳಗೆ ಬಿಚ್ಚಿ ಒರೆಸಿರಬೇಕು ಎಂಬುದು ಭೀಮಾಶಂಕರರ ಲೆಕ್ಕಾಚಾರ. ಏಳು ವರ್ಷ ಈ ಲೆಕ್ಕಾಚಾರ ಮಾಡಿದ್ದಾರೆ.

“ಅವತ್ತೇ ಒಂದು ಮಾತು ಅನ್ನಬೇಕಿತ್ತು. ಅವ ಏನೂ ಅನ್ನಲಿಲ್ಲ, ನಾನೂ ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ರೇಸ್ ಆಡಿದ್ವಿ. ಗೆದ್ದ. ಮೂರು ತಿಂಗಳು ದಿನಾ ಆಡಿದ್ವಿ. ಒಂದಿನ ವೀಸಾ ಬಂದದ ಅಂದ, ಹೋದ. ಜಗಳ ಆಗಿದ್ರ ಚಲೋ ಇತ್ತು. ಜಗಳಾನ ರಿಪೇರಿ ಮಾಡಬಹುದು.”

ಓಣಿಯಲ್ಲಿ ಇವತ್ತಿಗೂ ನಜೀರ್ ಎಂದರೆ ಆ ಹುಡುಗನ ಕಂಪ್ಯೂಟರ್ ಸುಟ್ಟವನು. ಭೀಮಾಶಂಕರರೆಂದರೆ ಜೋಪಾನದ ಮನುಷ್ಯ. ಮೂಲೆಯಲ್ಲಿ ಸಿಮೆಂಟಿನ ಚೀಲ ಹೊದ್ದು ಕೂತಿರುವುದು ಜಗದೀಶ್ ಒಗೆದು ಹೋದ ಕ್ಯಾಬಿನೆಟ್.

ಹೊಸದು ಕಟ್ಟುವುದೆಂದರೆ ನಜೀರ್ ಹೇಳಿದ್ದು ಸರಿ ಎಂದು ಒಪ್ಪಿಕೊಂಡಂತೆ. ಹಳೆಯದನ್ನೇ ತಡೆಸುವುದೆಂದರೆ ಮತ್ತೆ ಅದೇ ‘ತಡೀತದ ಬಿಡು’. ಇಷ್ಟೇ ಅಡ್ಡಿ. ಹತ್ತು ನಿಮಿಷದ ತೀರ್ಪಿಗೆ ಎರಡು ತಿಂಗಳು ಹಿಡಿದದ್ದು ಇದಕ್ಕೆ.

ಜಹನಾರಾ ತಲೆ ತೋರಿಸಿ ಹೋದ ಮರುದಿನ ಭೀಮಾಶಂಕರ ಚೀಲ ಸರಿಸಿ, ತಗಡಿನ ಮೇಲಿದ್ದ ನಂಬರಿಗೆ ಫೋನ್ ಮಾಡುತ್ತಾರೆ. ಏಳು ವರ್ಷದ ನಂತರವೂ ಅದೇ ನಂಬರು. ಆ ಕಡೆ ಗಾಡಿ ಹಾರನ್ನುಗಳ ಗದ್ದಲ.

“ಯಾವ ಕಂಪ್ಯೂಟರ್?” ಎನ್ನುತ್ತಾರೆ ಜಗದೀಶ್.

ವಿವರಿಸಬೇಕಾಗುತ್ತದೆ. ಶಿವಾಜಿನಗರ, ಅಟ್ಟ, ಗ್ರಾಫಿಕ್ಸ್ ಕಾರ್ಡು. ಹಾಕಿದ್ದು ನಜೀರ್ ಅಲ್ಲ, ನಾನು.

“ಓ ಅದಾ! ಬಿಡಿ ಅಣ್ಣ, ಯಾವ ಕಾಲದ್ದು. ನಾನೀಗ ಆ ಫೀಲ್ಡಲ್ಲೇ ಇಲ್ಲ, ಇವೆಂಟ್ಸ್ ಮಾಡ್ಕೊಂಡಿದೀನಿ. ಗಡ್ಡದೋರು ಒಬ್ರು ಇದ್ರಲ್ಲಾ, ಪಾಪ, ಅವರಿಗೆ ಸಿಕ್ಕಾಪಟ್ಟೆ ಬೈದ್ಬಿಟ್ಟೆ. ಸಾರಿ ಹೇಳ್ಬಿಡಿ ಅವರಿಗೆ.”

ಫೋನ್ ಕೆಳಗಿಟ್ಟು ಭೀಮಾಶಂಕರ ಸಿಮೆಂಟಿನ ಚೀಲವನ್ನು ಮಡಿಸಿಡುತ್ತಾರೆ. ತಪ್ಪಾದದ್ದು ಯಾರಿಗೋ ಅವರಿಗೆ ನೆನಪಿಲ್ಲ. ಬೈಸಿಕೊಂಡವರು ಶಾರ್ಜಾದಲ್ಲಿ. ಉಳಿದದ್ದೆಲ್ಲ ಈ ಅಟ್ಟದಲ್ಲಿ, ಒಬ್ಬರ ಹತ್ತಿರ.

ಮುಂದಿನ ವಾರ ಬೆಳಗಿನ ಇಪ್ಪತ್ತು ನಿಮಿಷಗಳಲ್ಲಿ ಬೇರೆ ಕೆಲಸ ನಡೆಯುತ್ತದೆ. ಹೊಸ ಬೋರ್ಡು ಬರುತ್ತದೆ. ದುಂಡು ತೂತು ಇರುವುದೇ ಬೇಕೆಂದು ಎಸ್.ಪಿ. ರೋಡಿನಲ್ಲಿ ಮೂರು ದಿನ ಅಲೆದು ತಂದದ್ದು. “ಏನ್ ಅಣ್ಣ, ಇದನ್ನ ಕೇಳೋರು ಈಗ ಯಾರೂ ಇಲ್ಲ” ಎಂದು ಅಂಗಡಿಯವನು ಧೂಳು ಒರೆಸಿ ಕೊಟ್ಟನಂತೆ. ಹೊಸ ಪ್ರೊಸೆಸರು, ಬಂಗಾರದ ಮೆಮೊರಿ. ಎಸ್‌ಎಂಪಿಎಸ್ ಬೇಕಾದ್ದಕ್ಕಿಂತ ಎರಡು ಪಟ್ಟು ದೊಡ್ಡದು. ಹಳೆಯದರಿಂದ ದಾಟಿ ಬಂದದ್ದು ಎರಡೇ: ಆ ರೇಸು, ತುದಿ ಸವೆದ ಆ ಕೀಬೋರ್ಡು.

ಕ್ಯಾಬಿನೆಟ್ ಮಾತ್ರ ಹೊಸದಲ್ಲ. ಮೂಲೆಯ ಕಪ್ಪು ಕ್ಯಾಬಿನೆಟ್ಟನ್ನು ತೊಳೆದು, ಮಸಿ ಉಜ್ಜಿ, ಅದರೊಳಗೆ ಎಲ್ಲವನ್ನೂ ಕೂರಿಸುತ್ತಾರೆ. ಒಳಗಿನ ಒಂದು ಮೂಲೆಯಲ್ಲಿ ಸುಟ್ಟ ಕಲೆ ಹೋಗಿಲ್ಲ. ಕೊನೆಗೆ ಪಕ್ಕದ ತಗಡನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ಮಾರ್ಕರಿನ ಮುಚ್ಚಳ ಬಾಯಲ್ಲಿ ಕಚ್ಚಿ, ಮಸುಕಾದ ಜಾಗದಲ್ಲಿ ಬರೆಯುತ್ತಾರೆ. ‘ಭೀ.’ ಸ್ವಲ್ಪ ದೊಡ್ಡದಾಗಿಯೇ.

ಬರೀ ಅಷ್ಟೇಯೇ? ಒಂದೆರಡು ಸಾಲು ಬರೆಯಬಹುದಿತ್ತಲ್ಲ?

“ಅವ ಉರ್ದು ಸಾಲಿ ಕಲಿತವ. ಕನ್ನಡ ಬಸ್ಸಿನ ಬೋರ್ಡ್ ಓದೂವಷ್ಟು ಬರ್ತದ, ಪೇಪರ್ ಗೀಪರ್ ಓದಾಂಗಿಲ್ಲ. ನೀವು ಪೇಪರಿನಾಗ ಬರದದ್ದೂ ಓದಾಂಗಿಲ್ಲ, ಅದಕ್ಕೇ ಹೇಳೀನಿ ನಿಮಗ,” ಎಂದು ನಗುತ್ತಾರೆ. ಈ ಹಲವು ಬೆಳಗುಗಳಲ್ಲಿ ಮೊದಲ ಸಲ. “ಇದೊಂದು ಅಕ್ಷರ ಮಾತ್ರ ಅವನಿಗ ಎಲ್ಲಿ ಕಂಡ್ರೂ ಗುರ್ತು ಹತ್ತತದ.”

ಗುರುವಾರ ಬೆಳಿಗ್ಗೆ. ನಜೀರ್ ಅವರ ವಿಮಾನ ರಾತ್ರಿ ಇಳಿಯುತ್ತದೆ. ಶುಕ್ರವಾರ ನಮಾಜಿಗೆ ಈ ಓಣಿಯಲ್ಲಿರುತ್ತಾರೆ ಎನ್ನುತ್ತಾರೆ ಜಹನಾರಾ. ಅಟ್ಟವನ್ನು ಗುಡಿಸಿದ್ದಾಗಿದೆ. ಗೋಣಿಚೀಲವನ್ನು ಕೊಡವಿ ಮತ್ತೆ ಅದೇ ಮಡಿಕೆಯಲ್ಲಿ ಹಾಸಿದ್ದಾಗಿದೆ. ಕೆಳಗಿನಿಂದ ಪ್ರಶ್ನೆ ಬರುತ್ತದೆ.

“ಭೀಮು! ಸದ್ದೇ ಇಲ್ಲ. ರೇಸ್ ಆಡಲಿಲ್ವಾ ಇವತ್ತು?”

“ಇಲ್ಲ ಆಪಾ. ನಾಳೆ.”

ಹೊಸ ಕಂಪ್ಯೂಟರಿನಲ್ಲಿ ಐದು ಸುತ್ತು ಪೂರ್ತಿ ಓಡುತ್ತದೆಯೋ ಇಲ್ಲವೋ ಅವರು ನೋಡಿಲ್ಲ. ಸ್ಕ್ರೂಡ್ರೈವರನ್ನು ಕಿವಿಗಿಟ್ಟು ಫ್ಯಾನಿನ ಸದ್ದು ಕೇಳಿದ್ದಾರೆ, ಅಷ್ಟೆ. ನಾಳೆ ನಜೀರ್ ಬಂದೇ ಬರುತ್ತಾರೆಯೇ, ಏಣಿ ಹತ್ತುತ್ತಾರೆಯೇ, ಹತ್ತಿದರೂ ಮಾತಾಡುತ್ತಾರೆಯೇ, ಅದು ಕಿವಿಗೆ ಸಿಗುವ ವಿಷಯವಲ್ಲ.

ಹೊರಡುವಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ತಗಡನ್ನು ಸುಮ್ಮನೆ ಒರಗಿಸಿ ಮುಚ್ಚಿದ್ದಾರೆ. ಅದರ ಎರಡು ಸ್ಕ್ರೂಗಳು ಕೀಬೋರ್ಡಿನ ಬಲಗಡೆ, ಬಾಣದ ಕೀಗಳ ಪಕ್ಕ, ಒಂದು ಬಾಟಲಿ ಮುಚ್ಚಳದಲ್ಲಿವೆ. ಮರೆತಿರೇನೋ ಎಂದರೆ ಭೀಮಾಶಂಕರ ಆ ಕಡೆ ನೋಡದೆಯೇ ಉತ್ತರಿಸುತ್ತಾರೆ.

“ಮರೆತಿಲ್ರಿ. ಯಾವ ಕಂಪ್ಯೂಟರ್ ಕಂಡ್ರೂ ಮೊದಲು ತಗಡು ತೆಗೀತಾನ ಅವ. ತೆಗೀಲಿಕ್ಕ ಹಗೂರ ಆಗ್ಲಿ.”